ಏಳು ದಿನ ಸರ್ಕಾರದ್ದು, ಎಂಟನೇ ದಿನದಿಂದ ಯಾರದ್ದು?

ನಿಮ್ಮನೇಲಿ ಹೆಲ್ತ್ ಇನ್ಶೂರೆನ್ಸ್ ಇದ್ರೆ ಆ ಪಾಲಿಸಿ ಪಿಡಿಎಫ್ ಒಂದ್ಸಲ ತೆಗೀರಿ, ಯಾವ ಕಂಪನಿದಾದ್ರೂ ಪರ್ವಾಗಿಲ್ಲ. ಎಕ್ಸ್‌ಕ್ಲೂಷನ್ ಅಂತ ಒಂದು ಭಾಗ ಇರತ್ತೆ, ಅದ್ರಲ್ಲಿ ಕೋಡ್ 05 ಹುಡುಕಿ. ರೆಸ್ಟ್ ಕ್ಯೂರ್ (ಬರೀ ವಿಶ್ರಾಂತಿ), ರಿಹ್ಯಾಬಿಲಿಟೇಷನ್ (ಕಾಯಿಲೆ, ಪೆಟ್ಟು ಆದ್ಮೇಲೆ ಮತ್ತೆ ಎದ್ದು ಓಡಾಡೋ ಹಂಗೆ ಮಾಡೋ ಚಿಕಿತ್ಸೆ), ರೆಸ್ಪೈಟ್ ಕೇರ್ (ಮನೇಲಿ ನೋಡ್ಕೊಳ್ಳೋರಿಗೆ ಬಿಡುವು ಕೊಡೋಕೆ ಬೇರೆಯವ್ರು ನೋಡ್ಕೊಳ್ಳೋದು), ಈ ಮೂರಕ್ಕೂ ದುಡ್ಡಿಲ್ಲ ಅಂತ ಬರ್ದಿರತ್ತೆ. ನಾನು ಮೈಸೂರಲ್ಲಿ ಒಂದು ರಿಹ್ಯಾಬ್ ಆಸ್ಪತ್ರೇಲಿ ಫಿಸಿಯೋ, ಅಂದ್ರೆ ನಾವು ಮಾಡೋ ಕೆಲಸದ ಹೆಸರೇ ದೇಶದ ಹೆಚ್ಚೂಕಮ್ಮಿ ಎಲ್ಲಾ ಪಾಲಿಸಿಗಳಲ್ಲೂ "ಇದಕ್ಕೆ ಕೊಡಲ್ಲ" ಅನ್ನೋ ಲಿಸ್ಟಲ್ಲಿದೆ. ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡೋ ಐಆರ್‌ಡಿಎಐ 2019ರಲ್ಲಿ ಎಲ್ಲಾ ಕಂಪನಿಗೂ ಒಂದೇ ಥರ ಪದ ಇರ್ಲಿ ಅಂತ ಸ್ಟ್ಯಾಂಡರ್ಡ್ ಮಾಡ್ತು, ಅದು ಒಳ್ಳೇದಕ್ಕೇ ಮಾಡಿದ್ದು, ಒಬ್ಬೊಬ್ರು ಒಂದೊಂದ್ ಥರ ಬರ್ಕೊಂಡು ಜನರಿಗೆ ಟೋಪಿ ಹಾಕ್ತಿದ್ರು. ಆದ್ರೆ ನಮ್ಮ ಪಾಲಿಗೆ ಏನಾಯ್ತು ಅಂದ್ರೆ, ಮೊದ್ಲು ಕೆಲವು ಕಂಪನಿ ಸುಮ್ನೆ ಕೊಡ್ತಿದ್ರು, ಈಗ ಎಲ್ರ ಕೈಲೂ ಒಂದೇ ಕೋಡ್ ಬಂದ್ಬಿಡ್ತು. ಟಿಪಿಎ, ಅಂದ್ರೆ ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡೋ ಏಜೆನ್ಸಿ, ಅಲ್ಲಿಂದ ಕ್ವೆರಿ ಬಂದ್ರೆ ಓದೋ ಮುಂಚೇನೇ ಗೊತ್ತಾಗತ್ತೆ, 05 ಹಾಕಿರ್ತಾರೆ ಅಂತ.

ಮಜಾ ಏನ್ ಗೊತ್ತಾ, ಹೆಡಿಂಗಲ್ಲಿ ರಿಹ್ಯಾಬಿಲಿಟೇಷನ್ ಅಂತ ಇದ್ರೂ ಕೆಳಗೆ ಇರೋ ವಿವರಣೆ ಬೇರೇನೇ ಹೇಳತ್ತೆ. ಟ್ರೀಟ್‌ಮೆಂಟ್ ಏನೂ ಇಲ್ದೆ ಮುಖ್ಯವಾಗಿ ಬೆಡ್ ರೆಸ್ಟಿಗೆ ಅಂತಾನೇ ಅಡ್ಮಿಟ್ ಆಗೋದು, ಸ್ನಾನ ಮಾಡ್ಸೋದು ಬಟ್ಟೆ ಹಾಕೋದು ಓಡಾಡ್ಸೋದು ಅಂತ ಬರೀ ನೋಡ್ಕೊಳ್ಳೋ ಕೆಲಸ, ಇಂಥದ್ದಕ್ಕೆ ಕೊಡಲ್ಲ ಅಂತ. ಸ್ಟ್ರೋಕ್ ಆದವ್ರಿಗೆ ದಿನಕ್ಕೆ ಎರಡು ಹೊತ್ತು ಫಿಸಿಯೋ, ಒಂದು ಹೊತ್ತು ಆಕ್ಯುಪೇಷನಲ್ ಥೆರಪಿ (ಓಟಿ, ಊಟ ಬಟ್ಟೆ ಥರ ದಿನದ ಕೆಲಸ ಮತ್ತೆ ಕಲ್ಸೋದು), ನುಂಗೋಕೆ ಕಷ್ಟ ಇದ್ರೆ ಸ್ಪೀಚ್ ಥೆರಪಿ, ಇದು ಬೆಡ್ ರೆಸ್ಟ್ ಹೆಂಗಾಗತ್ತೆ ಸ್ವಾಮಿ? ಬೆಡ್ಡಿಂದ ಎಬ್ಸೋದೇ ನಮ್ಮ ಕೆಲಸ. ಆದ್ರೆ ಆ ಮಾತು ಫೈಲಲ್ಲಿ ಇರ್ಬೇಕು, ಬಾಯಲ್ಲಿ ಇದ್ರೆ ಆಗಲ್ಲ. ಮೊದ್ಲು ನಮ್ ಕೇಸ್ ಶೀಟಲ್ಲಿ ಏನ್ ಬರೀತಿದ್ವಿ ಅಂದ್ರೆ "ಪೇಷಂಟ್ ಕಂಫರ್ಟಬಲ್, ಫಿಸಿಯೋ ಕಂಟಿನ್ಯೂಡ್". ಮುಗೀತು. ಆ ನಾಲ್ಕು ಪದ ನೋಡಿದ್ ಟಿಪಿಎ ಡಾಕ್ಟ್ರು, ಕಂಫರ್ಟಬಲ್ ಆಗಿದ್ರೆ ಆಸ್ಪತ್ರೇಲಿ ಯಾಕಿದಾರೆ ಅಂತ ಕೇಳ್ತಾರೆ, ಅವ್ರ ಜಾಗದಲ್ಲಿ ನಾನಿದ್ರೂ ಅದ್ನೇ ಕೇಳ್ತಿದ್ದೆ. ಈಗ ಹೆಂಗೆ ಬರೀತೀವಿ ಅಂದ್ರೆ, ಇವತ್ತು ಮಂಚದಿಂದ ವೀಲ್‌ಚೇರಿಗೆ ಇಬ್ಬರ ಸಹಾಯ ಬೇಕಾಯ್ತು, ಗುರಿ ಒಬ್ಬರ ಸಹಾಯ, ಬಾರ್ಥೆಲ್ ಸ್ಕೋರ್ (ದಿನದ ಕೆಲಸ ತಾವೇ ಎಷ್ಟು ಮಾಡ್ಕೋತಾರೆ ಅನ್ನೋ ಅಂಕ) ಅಡ್ಮಿಷನ್ ದಿನ ನೂರಕ್ಕೆ ಇಷ್ಟು ಈಗ ಇಷ್ಟು, ಎಡಗಡೆ ಭುಜ ಜಾರ್ತಿದೆ ಅದಕ್ಕೆ ಸ್ಲಿಂಗ್ ಹಾಕಿದೆ. ಬರೆಯೋಕೆ ಟೈಮ್ ಹಿಡಿಯತ್ತೆ, ಜೂನಿಯರ್ಸ್ ಗೊಣಗ್ತಾರೆ. ಆದ್ರೆ ಇದ್ರಿಂದ ಒಂದು ಲಾಭ ಆಗಿದೆ, ದಿನಾ ಗುರಿ ಬರೀಬೇಕು ಅಂದ್ರೆ ದಿನಾ ಯೋಚ್ನೆ ಮಾಡ್ಲೇಬೇಕು. ಎರಡು ವಾರ ಒಂದೇ ಎಕ್ಸರ್ಸೈಸ್ ಮಾಡಿಸ್ಕೊಂಡು ಕೂರೋ ಅಭ್ಯಾಸ ಹೋಯ್ತು.

ಇದು ಇನ್ಶೂರೆನ್ಸ್ ಇರೋವ್ರ ಕಥೆ, ಅವ್ರು ಕಮ್ಮಿ. ನಮಗೆ ಬರೋರಲ್ಲಿ ಜಾಸ್ತಿ ಮಂಡ್ಯ ಕಡೆಯವ್ರು, ನಂಜನಗೂಡು ಚಾಮರಾಜನಗರದವ್ರು, ಬಿಪಿಎಲ್ ಕಾರ್ಡು. ಅವ್ರದ್ದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್, ರಾಜ್ಯದ ಆರೋಗ್ಯ ಕರ್ನಾಟಕ ಎರಡೂ ಸೇರಿ ಒಂದಾಯ್ತು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್‌ನವ್ರಿಗೆ ಪ್ಯಾಕೇಜ್ ದುಡ್ಡಲ್ಲಿ ಸರ್ಕಾರ ಕೊಡೋದು ಶೇಕಡ 30 ಮಾತ್ರ. ನಾನು ಈ ಸ್ಕೀಮನ್ನ ಬೈಯೋ ಪೈಕಿ ಅಲ್ಲ, ಇದಿಲ್ದೆ ಇದ್ದ ಕಾಲ ನೋಡಿದೀನಿ, ಆಪರೇಷನ್ನಿಗೆ ಹಸು ಮಾರ್ದೋರು, ಓಲೆ ಅಡ ಇಟ್ಟೋರು ಎಲ್ಲಾ. ಈಗ ತಲೆ ಆಪರೇಷನ್ ಆಗತ್ತೆ, ಬೆನ್ನಿಗೆ ರಾಡ್ ಹಾಕ್ತಾರೆ, ತೊಡೆ ಮೂಳೆಗೆ ಪ್ಲೇಟ್ ಹಾಕ್ತಾರೆ, ಒಂದ್ ರೂಪಾಯಿ ಖರ್ಚಿಲ್ದೆ. ಎಮರ್ಜೆನ್ಸಿ ಆದ್ರೆ ರೆಫರಲ್ ಕೂಡ ಬೇಡ, ಬೇರೆದಕ್ಕೆ ಸರ್ಕಾರಿ ಆಸ್ಪತ್ರೆ ಚೀಟಿ ಬೇಕು. ಆದ್ರೆ ಸ್ಕೀಮ್ ಕಟ್ಟಿರೋದೇ ಪ್ಯಾಕೇಜ್ ಲೆಕ್ಕದಲ್ಲಿ, ಈ ಆಪರೇಷನ್ನಿಗೆ ಇಷ್ಟು ಅಂತ. ಹೊಲಿಗೆ ಬಿಚ್ಚಿದ್ ಮೇಲೆ, ಡಿಸ್ಚಾರ್ಜ್ ಆಗಿ 15 ದಿನದ ಔಷಧಿ ಮುಗಿದ್ ಮೇಲೆ, ಪ್ಯಾಕೇಜ್ ಪ್ರಕಾರ ಕಾಯಿಲೆ ಮುಗೀತು. ಬೆನ್ನುಹುರಿ ಪೆಟ್ಟಾದವ್ನಿಗೆ ಶುರು ಆಗೋದೇ ಆವಾಗ. ಮೂತ್ರಕ್ಕೆ ನಾಲ್ಕೈದು ಗಂಟೆಗೊಂದ್ಸಲ ಟ್ಯೂಬ್ ಹಾಕೋದು ಕಲೀಬೇಕು, ಎರಡು ಗಂಟೆಗೊಂದ್ಸಲ ಮಗ್ಗಲು ತಿರುಗ್ಸೋಕೆ ಯಾರಾದ್ರೂ ಬೇಕು, ಇಲ್ಲಾಂದ್ರೆ ಸೊಂಟದಲ್ಲಿ ಬೆಡ್ ಸೋರ್ ಆಗತ್ತೆ, ಆ ಹುಣ್ಣಿಗೆ ಮತ್ತೆ ಪ್ಲಾಸ್ಟಿಕ್ ಸರ್ಜರಿ ಮಾಡಿದ್ರೆ ಅದಕ್ಕೆ ಪ್ಯಾಕೇಜ್ ಇದೆ! ಹುಣ್ಣು ಆಗ್ದಂಗೆ ನೋಡ್ಕೊಳ್ಳೋದು ಕಲ್ಸೋಕೆ ಇಲ್ಲ. ಈ ವಾಕ್ಯ ನಾನು ಎಷ್ಟ್ ಮೀಟಿಂಗಲ್ಲಿ ಹೇಳಿದೀನೋ, ನಮ್ಮ ಅಕೌಂಟ್ಸ್ ಸರ್‌ಗೆ ಬಾಯಿಪಾಠ ಆಗಿದೆ.

ಸಹಕಾರ ಸಂಘದ ಸದಸ್ಯರ ಆರೋಗ್ಯ ಸ್ಕೀಮು ಯಶಸ್ವಿನಿ ಬೇರೆ. ಮಂಡ್ಯ ಅಂದ್ರೆ ಸೊಸೈಟಿ, ಹಾಲಿನ ಡೇರಿ, ಸಹಕಾರ ಸಂಘ ಇಲ್ಲದ ಊರೇ ಇಲ್ಲ, ಹಂಗಾಗಿ ನಮ್ಮಲ್ಲಿ ಯಶಸ್ವಿನಿ ಕಾರ್ಡ್ ಹಿಡ್ಕೊಂಡ್ ಬರೋರು ಯಾವಾಗ್ಲೂ ಜಾಸ್ತಿ. 2003ರಲ್ಲಿ ಶುರು ಆಯ್ತು, 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಸ್ಬಿಟ್ರು, 2022ರ ಕೊನೇಲಿ ಮತ್ತೆ ನೋಂದಣಿ ಶುರು ಮಾಡಿದ್ರು. ಈ ಮಧ್ಯದ ವರ್ಷಗಳಲ್ಲಿ ಹಳೇ ಕಾರ್ಡ್ ಲ್ಯಾಮಿನೇಷನ್ ಮಾಡ್ಸಿ ಜೋಪಾನ ಮಾಡಿದ್ದೋರು ಅದನ್ನ ಕೌಂಟರಲ್ಲಿ ಇಟ್ರೆ ನಾವ್ ಏನ್ ಹೇಳದು? ಆವಾಗ್ಲೇ ನಮ್ಮಲ್ಲಿ ಒಂದು ಬದಲಾವಣೆ ಆಗಿದ್ದು, ಕಾರ್ಡು ಕಾಗದ ಇದನ್ನೇ ನೋಡ್ಕೊಳ್ಳೋಕೆ ಒಬ್ಬ ಸೋಷಿಯಲ್ ವರ್ಕರ್‌ನ ಹಾಕಿದ್ರು. ಮ್ಯಾನೇಜ್‌ಮೆಂಟಿಗೆ ಮೊದ್ಲು ಇಷ್ಟ ಇರ್ಲಿಲ್ಲ, ಇನ್ನೊಬ್ಬ ಥೆರಪಿಸ್ಟ್ ತಗೊಂಡ್ರೆ ದುಡ್ಡಾದ್ರೂ ಬರತ್ತೆ ಅನ್ನೋ ಲೆಕ್ಕ. ಈಗ ಆ ಹುಡುಗಿ ರಜೆ ಹಾಕಿದ್ರೆ ಆಸ್ಪತ್ರೆ ಅರ್ಧ ನಿಂತೋಗತ್ತೆ.

ಇನ್ನು ಎಕ್ಸ್‌ಪ್ರೆಸ್‌ವೇ. 2023ರ ಮಾರ್ಚಲ್ಲಿ ಬೆಂಗಳೂರು ಮೈಸೂರು ಹೈವೇ ಉದ್ಘಾಟನೆ ಆಯ್ತು, ಮಂಡ್ಯದಲ್ಲೇ ಫಂಕ್ಷನ್ನು, ಎಲ್ರಿಗೂ ಖುಷಿ. ಆ ಬೇಸಿಗೇಲಿ ನಮ್ ವಾರ್ಡಿಗೆ ಬಂದ ಕೇಸುಗಳನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಜುಮ್ ಅನ್ನತ್ತೆ. ಆಗಸ್ಟಿಂದ ಬೈಕು ಆಟೋ ಟ್ರ್ಯಾಕ್ಟರ್ ಮೇನ್ ರೋಡಿಗೆ ಬಿಡ್ಲಿಲ್ಲ, ಸರ್ವೀಸ್ ರೋಡಲ್ಲಿ ಹೋಗಿ ಅಂದ್ರು. ಆಮೇಲೆ 2025ರ ಮೇ ತಿಂಗ್ಳಲ್ಲಿ ಕೇಂದ್ರ ಸರ್ಕಾರ ರಸ್ತೆ ಅಪಘಾತಕ್ಕೆ ಕ್ಯಾಶ್‌ಲೆಸ್ ಸ್ಕೀಮ್ ತಂತು, ಆಕ್ಸಿಡೆಂಟ್ ಆದ ದಿನದಿಂದ 7 ದಿನ, ಒಬ್ಬರಿಗೆ ಒಂದೂವರೆ ಲಕ್ಷದ ತನಕ. ಎಪಿಎಲ್ಲೋ ಬಿಪಿಎಲ್ಲೋ ಯಾವ ರಾಜ್ಯದವ್ರೋ ಕೇಳಲ್ಲ. ಜೀವ ಉಳ್ಸೋಕೆ ಇದು ಬಹಳ ದೊಡ್ಡ ವಿಷಯ, ಮೊದ್ಲಿನ ಒಂದು ಗಂಟೇಲಿ ಅಡ್ವಾನ್ಸ್ ಎಷ್ಟು ಕಟ್ತೀರಾ ಅಂತ ಕೇಳ್ದೆ ಒಳಗೆ ಕರ್ಕೊಂಡ್ರೆ ಅದೇ ಸಾಕು. ಆದ್ರೆ ನಂಗೆ ನಗು ಬರೋದು ಆ ಏಳಕ್ಕೆ. ಕಾಲು ಸ್ವಾಧೀನ ಹೋದವ್ನು ಏಳನೇ ದಿನ ಇನ್ನೂ ಐಸಿಯುನಲ್ಲಿರ್ತಾನೆ, ಅವ್ನಿಗೆ ತನಗೇನಾಗಿದೆ ಅಂತಾನೇ ಯಾರೂ ಸರಿಯಾಗಿ ಹೇಳಿರಲ್ಲ.

ಆದ್ರೂ ಆ ಏಳು ದಿನವನ್ನ ನಾವು ಬಳಸ್ಕೊಳ್ಳೋಕೆ ಕಲ್ತಿದೀವಿ. ಮೊದ್ಲು ಏನಿತ್ತು, ಆಪರೇಷನ್ ಆದ ಆಸ್ಪತ್ರೆಯವ್ರು ಡಿಸ್ಚಾರ್ಜ್ ಮಾಡಿ, ಮನೆಗೆ ಹೋಗಿ ಒಂದ್ ತಿಂಗ್ಳು ಮಲ್ಗಿ, ಆಮೇಲೆ ಊರಲ್ಲಿ ಯಾರೋ ಹೇಳಿ, ಮಸಾಜು ಎಣ್ಣೆ ಎಲ್ಲಾ ಆದ್ಮೇಲೆ ನಮ್ ಹತ್ರ ಬರೋರು. ಅಷ್ಟೊತ್ತಿಗೆ ಹಿಮ್ಮಡಿ ಬಿಗಿದು ಪಾದ ಕೆಳಗೆ ನೇತಾಡ್ತಿರತ್ತೆ, ಬೆನ್ನ ಕೆಳಗೆ ಹುಣ್ಣು. ಈಗ ಗೊತ್ತಿರೋ ಸರ್ಜನ್‌ಗಳ ಹತ್ರ ಮಾತಾಡ್ಕೊಂಡು ಅಲ್ಲಿ ಬೆಡ್ಡಲ್ಲಿರೋವಾಗ್ಲೇ ನಮ್ಮವ್ರು ಒಬ್ರು ಹೋಗಿ ನೋಡ್ಕೊಂಡ್ ಬರ್ತಾರೆ, ಪಾದಕ್ಕೆ ಸ್ಪ್ಲಿಂಟ್ ಹಾಕ್ಸೋದು, ಮಗ್ಗಲು ತಿರುಗ್ಸೋಕೆ ಮನೆಯವ್ರಿಗೆ ತೋರ್ಸೋದು, ಅಷ್ಟೇ. ಇದಕ್ಕೆ ಯಾರೂ ದುಡ್ಡು ಕೊಡಲ್ಲ ನಮಗೆ. ಆದ್ರೆ ಹುಣ್ಣಿಲ್ದೆ ಬಂದ ಪೇಷಂಟು ನಮ್ಮಲ್ಲಿ ಮೂರು ವಾರಕ್ಕೆ ಮನೆಗೆ ಹೋಗ್ಬೋದು, ಹುಣ್ಣು ಇಟ್ಕೊಂಡು ಬಂದ್ರೆ ಮೂರು ತಿಂಗ್ಳು. ಲೆಕ್ಕ ಹಾಕಿದ್ರೆ ಆಸ್ಪತ್ರೆಗೂ ಲಾಭ, ಅವ್ರಿಗೂ ಲಾಭ. ತೆಂಗಿನ ಮರದಿಂದ ಬಿದ್ದೋರದ್ದು ಇದಕ್ಕಿಂತ ಕಷ್ಟ, ಮದ್ದೂರು ಕಡೆಯಿಂದ ವರ್ಷಾ ವರ್ಷಾ ಬರ್ತಾನೇ ಇರ್ತಾರೆ, ರಸ್ತೆ ಸ್ಕೀಮ್ ಇದಕ್ಕೆ ಆಗಲ್ಲ. ತೆಂಗು ಅಭಿವೃದ್ಧಿ ಮಂಡಳಿದು ಕೇರ ಸುರಕ್ಷಾ ಅಂತ ಮರ ಹತ್ತೋರಿಗೇನೇ ಇನ್ಶೂರೆನ್ಸ್ ಇದೆ, ಮಾಡಿಸ್ಕೊಂಡಿರೋವ್ರನ್ನ ನಾನು ನೋಡಿದ್ದು ತೀರಾ ಅಪರೂಪ. ಮರದ ಯಜಮಾನ್ರು ಎಳನೀರು ಲೆಕ್ಕ ಇಡೋವಾಗ ಇದೊಂದು ಲೆಕ್ಕಾನೂ ಕೇಳಿದ್ರೆ ಏನ್ ಗಂಟು ಹೋಗತ್ತೆ?

ಸರಿ, ದುಡ್ಡಿನ ಟೈಮ್ ಇಷ್ಟೇ ಅಂತ ಗೊತ್ತಾದ್ ಮೇಲೆ ಒಳಗೆ ಏನ್ ಬದಲಾಯ್ತು ಅಂತ ಹೇಳ್ತೀನಿ. ಈಗ ಅಡ್ಮಿಷನ್ ದಿನಾನೇ ನಾವು ಮನೆ ಬಗ್ಗೆ ಕೇಳ್ತೀವಿ. ಬಿಪಿ ಶುಗರ್ ಎಲ್ಲಾ ಆಮೇಲೆ. ಮನೆ ಮುಂದೆ ಎಷ್ಟು ಮೆಟ್ಲು, ಹೊಸ್ತಿಲು ಎಷ್ಟೆತ್ತರ, ಬಚ್ಚಲು ಒಳಗೋ ಹಿತ್ಲಲ್ಲೋ, ಲೆಟ್ರಿನ್ ಕೂತ್ಕೊಳ್ಳೋದೋ ಕಮೋಡೋ, ಮಂಚ ಇದ್ಯೋ ಇಲ್ಲ ಚಾಪೇನೋ, ಹಗಲು ಹೊತ್ತು ಮನೇಲಿ ಯಾರಿರ್ತಾರೆ. ಮಗನ್ನೋ ಅಳಿಯನ್ನೋ ಕಳ್ಸಿ ಮೊಬೈಲಲ್ಲಿ ವಿಡಿಯೋ ಮಾಡ್ಕೊಂಡ್ ಬರೋಕೆ ಹೇಳ್ತೀವಿ, ರಸ್ತೆಯಿಂದ ಶುರು ಮಾಡಿ ಬಚ್ಚಲ ತನಕ ನಡ್ಕೊಂಡು ಹೋಗಿ ಅಂತ. ಆ ವಿಡಿಯೋಗಳನ್ನ ನೋಡೋದು ಒಂದು ಶಿಕ್ಷಣ. ನಡುಮನೇಲಿ ರಾಗಿ ಮೂಟೆ, ಬಾಗಿಲ ಹಿಂದೆ ಸ್ಪ್ರೇಯರ್ ಮಷೀನು, ಬಚ್ಚಲಿಗೆ ಹೋಗೋ ದಾರೀಲಿ ಎಮ್ಮೆ, ಅದು ಕ್ಯಾಮೆರಾನೇ ನೋಡ್ತಿರತ್ತೆ. ನಾವು ನುಣ್ಣಗಿರೋ ಟೈಲ್ಸ್ ಮೇಲೆ ಪ್ಯಾರಲಲ್ ಬಾರ್ ಹಿಡ್ಸಿ ನಡ್ಸಿ "ವೆರಿ ಗುಡ್" ಅಂದು ಕಳಿಸ್ತಿದ್ವಲ್ಲ, ಅವ್ರು ಮನೆಗೆ ಹೋಗಿ ಮೊದಲ್ನೇ ಹೊಸ್ತಿಲಲ್ಲೇ ನಿಂತ್ಬಿಡ್ತಿದ್ರು.

ಹಂಗಾಗಿ ಜಿಮ್ಮಲ್ಲಿ ಒಂದು ಮರದ ಹೊಸ್ತಿಲು ಮಾಡ್ಸಿದೀವಿ. ಕಾರ್ಪೆಂಟರ್ ಕೈಲಿ ಮೂರು ಸೈಜು, ನಾಲ್ಕು ಇಂಚು, ಆರು, ಎಂಟು. ಎರಡು ಕಡೆ ಬಾಗಿಲ ಚೌಕಟ್ಟಿನ ಥರ ಕಂಬ, ಹಿಡ್ಕೊಳ್ಳೋಕೆ. ಸ್ಟ್ರೋಕ್ ಆದವ್ರು ಕಾಲೆತ್ತಿ ದಾಟೋವಾಗ ಸ್ವಾಧೀನ ಇಲ್ಲದ ಕಾಲಿನ ಹೆಬ್ಬೆರಳು ಅಂಚಿಗೆ ತಾಗತ್ತೆ, ಅಲ್ಲೇ ಬೀಳೋದು. ಚೆನ್ನಾಗಿರೋ ಕಾಲು ಮೊದ್ಲು ಮೇಲಕ್ಕೆ, ಇಳಿಯೋವಾಗ ವೀಕ್ ಇರೋ ಕಾಲು ಮೊದ್ಲು, ಇದನ್ನ ಬಾಯಲ್ಲಿ ಹೇಳಿದ್ರೆ ತಲೆಗೆ ಹೋಗಲ್ಲ, ಮೈಗೆ ಹೋಗ್ಬೇಕು. ಒಬ್ಬಜ್ಜಿ ಪ್ರತೀ ಸಲ ಆ ಮರದ ಹೊಸ್ತಿಲು ದಾಟೋ ಮುಂಚೆ ಬಗ್ಗಿ ಮುಟ್ಟಿ ಕಣ್ಣಿಗೊತ್ಕೊಳ್ಳೋಕೆ ಹೋಗೋರು, ಬ್ಯಾಲೆನ್ಸ್ ತಪ್ಪಿ ಬೀಳ್ತಾರೆ ಅಂತ ನಾನು ಹಿಂದಿಂದ ಸೊಂಟದ ಬೆಲ್ಟ್ ಹಿಡ್ಕೊಂಡು ನಿಂತಿರ್ತಿದ್ದೆ. ಕೊನೆಗೆ ಅದನ್ನೇ ಎಕ್ಸರ್ಸೈಸ್ ಮಾಡಿದ್ವಿ, ಕಂಬ ಹಿಡ್ಕೊಂಡು ಬಗ್ಗಿ ಏಳೋದು. ಮನೆಗೆ ಹೋದ್ರೂ ಅವ್ರು ಮುಟ್ದೆ ಬಿಡಲ್ಲ ಅಲ್ವಾ.

ಹೊಸ್ತಿಲು ತೆಗ್ಸಿ, ರ್‍ಯಾಂಪ್ ಹಾಕ್ಸಿ ಅಂತ ಹೇಳೋದು ಸುಲಭ. ಪಾಂಡವಪುರದ ಹತ್ರದ ಒಬ್ರು, ಗಂಡಂಗೆ ಬೆನ್ನುಹುರಿ ಪೆಟ್ಟು, ಆಕೆ ಅಂದ್ರು, "ಹೊಸ್ಲು ಒಡ್ಸಾಕ್ ಆಗಕಿಲ್ಲ ಮೇಡಂ, ನಮ್ಮತ್ತೆ ಬುಡಕಿಲ್ಲ. ಮನೆಗೆ ಒಳ್ಳೇದಲ್ಲ ಅಂತವ್ರೆ." ನಾನು, ಅತ್ತೆಗೆ ಮಗ ಮುಖ್ಯನೋ ಹೊಸ್ತಿಲು ಮುಖ್ಯನೋ ಅಂತ ಕೇಳೋಕೆ ಬಾಯಿ ತೆಗ್ದೆ, ಅಷ್ಟೊತ್ತಿಗೆ ಆಕೇನೇ, "ಅದ ಕೇಳುದ್ರೆ ಮನೇಲಿ ನಾನಿರಂಗಿಲ್ಲ, ನೀವು ಬೇರೆ ಏನಾರ ಹೇಳಿ." ಸರಿ, ಬೇರೆ ಏನಾದ್ರೂ. ವೀಲ್‌ಚೇರ್ ರ್‍ಯಾಂಪಿಗೆ ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಬೇಕು, ಆರಿಂಚು ಹೊಸ್ತಿಲಿಗೆ ಆಚೆ ಆರಡಿ ಈಚೆ ಆರಡಿ, ಒಳಗೆ ಅಷ್ಟು ಜಾಗಾನೇ ಇಲ್ಲ. ಕೊನೆಗೆ ಹಿತ್ಲು ಬಾಗಿಲಿಂದ ಒಳಗೆ ಹೋಗೋ ಪ್ಲಾನ್ ಮಾಡಿದ್ವಿ, ಅಲ್ಲಿ ಹೊಸ್ತಿಲು ಚಿಕ್ಕದು, ಅತ್ತೆ ತಕರಾರೂ ಇಲ್ಲ. ಇಂಥ ಪ್ಲಾನಿಗೆ ಒಂದು ಮಧ್ಯಾಹ್ನ ಪೂರ್ತಿ ಹೋಗತ್ತೆ, ಬಿಲ್ಲಲ್ಲಿ ಏನಂತ ಬರೀತೀರಾ?

ಆಕೆಗೆ ಟ್ರಾನ್ಸ್‌ಫರ್, ಅಂದ್ರೆ ಗಂಡನ್ನ ಮಂಚದಿಂದ ವೀಲ್‌ಚೇರಿಗೆ ಕೂರ್ಸೋದು, ಕಲಿಸ್ತಿದ್ದಾಗ ನೋಡಿದ್ದು. ಗಂಡ ಎಪ್ಪತ್ತು ಕೇಜಿ ಮೇಲೇ, ಆಕೆ ನಲವತ್ತೈದು ಇರ್ಬೋದು. ಕೈ ಹಿಡಿದು ಎಳೀಬೇಡಿ ಭುಜ ಜಾರತ್ತೆ, ನಿಮ್ಮ ಮೊಣಕಾಲನ್ನ ಅವ್ರ ಮೊಣಕಾಲಿಗೆ ಒತ್ತಿ ಲಾಕ್ ಮಾಡಿ, ಸೊಂಟದ ಬೆಲ್ಟ್ ಹಿಡೀರಿ, ನಿಮ್ಮ ಬೆನ್ನು ಬಗ್ಗಬಾರ್ದು, ಮೂರು ಎಣ್ಸಿ ಒಟ್ಟಿಗೆ. ಆಕೆ ಎರಡನೇ ಸಲಕ್ಕೇ ಕಲ್ತು ಬಿಟ್ರು, ನಮ್ ಇಂಟರ್ನ್‌ಗಳಿಗಿಂತ ಚೆನ್ನಾಗಿ. ಅದನ್ನ ಹೊಗಳಿದ್ರೆ ಆಕೆ ಅಂದಿದ್ದು, "ಹಸೂನೇ ಎಬ್ಬಿಸ್ತೀನಿ ಮೇಡಂ, ಇದೇನು." ಎಲ್ರೂ ನಕ್ರು, ಗಂಡನೂ ನಕ್ಕ. ಆದ್ರೆ ಆಮೇಲೆ ಫಾರ್ಮಲ್ಲಿ "ಮನೇಲಿ ಆರೈಕೆ ಮಾಡೋರು: ಹೆಂಡತಿ" ಅಂತ ಬರ್ದು ಸೈನ್ ಮಾಡೋವಾಗ ನಂಗೆ ಹಿಡಿಸ್ಲಿಲ್ಲ. ಮೂರು ವಾರ ನರ್ಸು, ವಾರ್ಡ್ ಬಾಯ್, ಫಿಸಿಯೋ, ಓಟಿ ಅಂತ ಇಷ್ಟು ಜನ ಮೂರು ಶಿಫ್ಟಲ್ಲಿ ಮಾಡಿದ ಕೆಲಸಾನ, ಹೊಲದ ಕೆಲಸ ಹಸುವಿನ ಕೆಲಸ ಅಡುಗೆ ಅತ್ತೆ ಮಕ್ಳು ಎಲ್ಲದರ ಜೊತೆಗೆ ಒಬ್ಬಳ ತಲೆ ಮೇಲೆ ಹಾಕಿ ಅದಕ್ಕೆ "ಹೋಮ್ ಪ್ರೋಗ್ರಾಮ್" ಅಂತ ಹೆಸರಿಟ್ಟಿದೀವಿ. ಪಾಲಿಸಿ ಬರೆಯೋರ ಭಾಷೇಲಿ ಇದು ಸಮುದಾಯ ಆಧಾರಿತ ಪುನರ್ವಸತಿ. ಕೇಳೋಕೆ ಚೆಂದ. ನಾನು ನೋಡಿರೋ ಸಮುದಾಯದಲ್ಲಿ ಹೆಂಡತಿ, ಸೊಸೆ, ಮಗಳು, ಇಷ್ಟೇ ಜನ ಇದಾರೆ. ಹೆಂಡತಿಗೆ ಸ್ಟ್ರೋಕ್ ಆದಾಗ ಬೆಲ್ಟ್ ಹಿಡ್ಕೊಳ್ಳೋಕೆ ಕಲ್ತ ಗಂಡಸ್ರೂ ಇದಾರೆ, ಇಲ್ಲ ಅನ್ನಲ್ಲ, ಆದ್ರೆ ಅವ್ರ ಮುಖ ನಂಗೆ ಒಬ್ಬೊಬ್ರದ್ದೇ ನೆನಪಿದೆ, ಅಷ್ಟು ಕಮ್ಮಿ.

ಹಂಗಂತ ಆಸ್ಪತ್ರೇಲೇ ಇರ್ಲಿ ಅಂತಾನೂ ನಾನು ಹೇಳ್ತಿಲ್ಲ. ಅಮೆರಿಕಾದಲ್ಲಿ ಇದೇ ಕೆಲಸ ಮಾಡೋ ನಮ್ ಚಿಕ್ಕಪ್ಪನ ಮಗಳು ಇದಾಳೆ, ಅಲ್ಲಿ ವಯಸ್ಸಾದವ್ರಿಗೆ ಸರ್ಕಾರದ ಮೆಡಿಕೇರ್ ರಿಹ್ಯಾಬ್ ಆಸ್ಪತ್ರೆಗೇ ನೇರ ದುಡ್ಡು ಕೊಡತ್ತೆ. ಆದ್ರೆ ಕಂಡೀಷನ್ ಏನು, ಪೇಷಂಟಿಗೆ ದಿನಕ್ಕೆ ಮೂರು ಗಂಟೆ ಥೆರಪಿ, ವಾರಕ್ಕೆ ಐದು ದಿನ ತಡ್ಕೊಳ್ಳೋ ಶಕ್ತಿ ಇರ್ಬೇಕು, ಆಸ್ಪತ್ರೆ ಸೇರಿಸ್ಕೊಳ್ಳೋರಲ್ಲಿ ಶೇಕಡ 60 ಜನ ಅವ್ರು ಹೇಳಿದ 13 ಥರದ ಕಾಯಿಲೆಯವ್ರೇ ಆಗಿರ್ಬೇಕು. ಮೂರು ಗಂಟೆ ಆಗೋಲ್ಲ ಅಂದ ಅಜ್ಜಂಗೆ ಬೇರೆ ಜಾಗ ನೋಡ್ಬೇಕು. 2019ರ ಅಕ್ಟೋಬರಲ್ಲಿ ಸ್ಕೋರ್ ಹಾಕೋ ವಿಧಾನಾನೇ ಬದಲಾಯಿಸಿದ್ರಂತೆ, ಪೇಷಂಟ್ ಎಷ್ಟು ಸ್ವತಂತ್ರ ಅಂತ ಅಳೆಯೋಕೆ ವರ್ಷಗಟ್ಲೆ ಹಾಕ್ತಿದ್ದ ಫಿಮ್ ಸ್ಕೋರ್ ಬಿಟ್ಟು ಹೊಸ ಫಾರ್ಮು. ಅವ್ಳು ಫೋನಲ್ಲಿ ಫಾರ್ಮ್ ಬಗ್ಗೆ ಅಳ್ತಾಳೆ, ನಾನು ಇಲ್ಲಿ ಫಾರ್ಮೇ ಇಲ್ಲ ಅಂತ ಅಳ್ತೀನಿ. ದುಡ್ಡು ಕೊಡೋವ್ರು ಇದ್ರೆ ರೂಲ್ಸು ಬರತ್ತೆ, ಕೊಡೋರೇ ಇಲ್ದೆ ಇದ್ರೆ ರೂಲ್ಸೂ ಇರಲ್ಲ. ನಮ್ಮಲ್ಲಿ ರಿಹ್ಯಾಬ್ ವಾರ್ಡಿಗೆ ಎಷ್ಟು ಥೆರಪಿಸ್ಟ್ ಇರ್ಬೇಕು ದಿನಕ್ಕೆ ಎಷ್ಟು ಹೊತ್ತು ಕೊಡ್ಬೇಕು ಅಂತ ದುಡ್ಡು ಹಿಡಿದು ಕೇಳೋರು ಯಾರೂ ಇಲ್ಲ, ಹಾಗಾಗಿ ಬೆನ್ನಿಗೆ ಬಿಸಿ ಪ್ಯಾಡ್ ಇಟ್ಟು ಕರೆಂಟ್ ಕೊಟ್ಟು ಕಳ್ಸೋ ಜಾಗಾನೂ ರಿಹ್ಯಾಬ್ ಸೆಂಟರೇ, ನಮ್ಮದೂ ರಿಹ್ಯಾಬ್ ಸೆಂಟರೇ.

ಈಗ ಒಂದು ವಿಷಯ ಹೇಳ್ತೀನಿ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಈ ಹತ್ತು ವರ್ಷದಲ್ಲಿ ನಮ್ಮ ಓಪಿಡಿನ ತುಂಬ್ಸಿದ್ದು ಆರೋಗ್ಯ ಇಲಾಖೆ ಅಲ್ಲ, ಸಾರಿಗೆ ಇಲಾಖೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರು ಆಯ್ತಲ್ಲ, ಹೆಂಗಸ್ರಿಗೆ ಬಸ್ ಫ್ರೀ, ಅದಾದ್ಮೇಲೆ ಫಾಲೋಅಪ್ಪಿಗೆ ಬರೋ ಹೆಂಗಸ್ರ ಸಂಖ್ಯೆ ಕಣ್ಣಿಗೆ ಕಾಣೋ ಹಂಗೆ ಜಾಸ್ತಿ ಆಯ್ತು. ಮಂಡಿ ಆಪರೇಷನ್ ಆದ ಅಮ್ಮಂದ್ರು ಮೊದ್ಲು ಎರಡು ಸಲ ಬಂದು ನಿಲ್ಲಿಸ್ಬಿಡೋರು, ಮಗ "ಬಸ್ ಚಾರ್ಜಿಗೆ ಅಷ್ಟೊಂದಾಗತ್ತೆ, ಮನೇಲೇ ಮಾಡ್ಕೋ" ಅಂತಿದ್ದ. ಈಗ ಆಧಾರ್ ಕಾರ್ಡ್ ತೋರ್ಸಿ ಹತ್ಕೊಂಡು ಬರ್ತಾರೆ, ಜೊತೆಗೆ ನಾದಿನಿ, ಪಕ್ಕದ್ಮನೆಯವ್ರು, ವಾಪಸ್ ಹೋಗ್ತಾ ದೇವರಾಜ ಮಾರ್ಕೆಟ್ಟು. ಥೆರಪಿ ಹಾಲಲ್ಲಿ ಗಲಾಟೆ ಜಾಸ್ತಿ ಆಗಿದೆ, ನಂಗೆ ಇಷ್ಟ. ಹಂಗಾಗಿ ನಾವೂ ಟೈಮ್ ಬದಲಾಯಿಸಿದ್ವಿ, ಬೆಳಿಗ್ಗೆ ಎಂಟಕ್ಕೆ ಇದ್ದ ಗುಂಪು ಎಕ್ಸರ್ಸೈಸ್ ಕ್ಲಾಸು ಹನ್ನೊಂದಕ್ಕೆ, ಮನೆ ಕೆಲಸ ಮುಗ್ಸಿ ನಾಗಮಂಗಲದಿಂದ ಬಸ್ ಹಿಡಿದು ಬರೋಕೆ ಅಷ್ಟೊತ್ತಾಗತ್ತೆ. ಗಂಡಸ್ರ ಕಥೆ ಉಲ್ಟಾ, ಸ್ಟ್ರೋಕ್ ಆದ ಗಂಡಂಗೆ ಟಿಕೆಟ್ಟು, ಕರ್ಕೊಂಡು ಬರೋ ಹೆಂಡತಿಗೆ ಫ್ರೀ. ಅಂಗವಿಕಲರ ಕೆಎಸ್‌ಆರ್‌ಟಿಸಿ ಪಾಸ್ ಇದೆ, ವರ್ಷಕ್ಕೆ 660 ರೂಪಾಯಿ ಕಟ್ಟಿ, ಮನೆಯಿಂದ 100 ಕಿಲೋಮೀಟರ್ ಒಳಗೆ ಓಡಾಡ್ಬೋದು, ಮಂಡ್ಯ ಜಿಲ್ಲೆಯವ್ರಿಗೆ ಮೈಸೂರು ಅದ್ರೊಳಗೇ ಬರತ್ತೆ. ಅದಕ್ಕೆ ಯುಡಿಐಡಿ, ಅಂದ್ರೆ ಅಂಗವಿಕಲರ ಗುರುತಿನ ಕಾರ್ಡ್ ಬೇಕು.

ಯುಡಿಐಡಿ ಅಂದ್ರೆ ಇನ್ನೊಂದು ಪುರಾಣ. 2016ರ ಕಾಯ್ದೆ ಬಂದು ಅಂಗವೈಕಲ್ಯದ ಲಿಸ್ಟು 7ರಿಂದ 21ಕ್ಕೆ ಏರ್ತು, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಎಲ್ಲಾ ಸೇರ್ತು, ಒಳ್ಳೇದಾಯ್ತು. 2021ರ ಜೂನಿಂದ ಸರ್ಟಿಫಿಕೇಟ್ ಆನ್‌ಲೈನಲ್ಲೇ. ಕಷ್ಟ ಇರೋದು ಪರ್ಸೆಂಟೇಜಲ್ಲಿ. 40ಕ್ಕಿಂತ ಕಮ್ಮಿ ಇದ್ರೆ ಹೆಚ್ಚೂಕಮ್ಮಿ ಏನೂ ಸಿಗಲ್ಲ. ನಾವು ಕಷ್ಟಪಟ್ಟು ನಡೆಸ್ತೀವಿ, ಪೇಷಂಟು ಕೋಲು ಹಿಡ್ಕೊಂಡು ಓಡಾಡೋ ಮಟ್ಟಕ್ಕೆ ಬರ್ತಾರೆ, ಆಮೇಲೆ ಪರ್ಸೆಂಟೇಜ್ ಹಾಕೋ ಮೆಡಿಕಲ್ ಬೋರ್ಡ್ ಮುಂದೆ ಹೋಗೋ ದಿನ ಬರತ್ತೆ. ಆ ವಾರ ಅವ್ರು ಥೆರಪಿಗೆ ಬರಲ್ಲ! ಮನೆಯವ್ರೇ ಹೇಳಿರ್ತಾರೆ, ಈಗ ಚೆನ್ನಾಗಿ ನಡೆದ್ರೆ ಪೆನ್ಷನ್ ಹೋಗತ್ತೆ ಅಂತ. ಒಬ್ರು ನಂಗೇ ಬಂದು "ಒಸಿ ಜಾಸ್ತಿ ಬರ್ಕೊಟ್ಬುಡಿ ಮೇಡಂ" ಅಂದ್ರು, ಬರ್ಕೊಡೋ ಅಧಿಕಾರ ನಂಗಿಲ್ಲ, ಇದ್ರೂ ಕೊಡಲ್ಲ, ಆದ್ರೆ ಅವ್ರ ಮೇಲೆ ಸಿಟ್ಟು ಬರ್ಲಿಲ್ಲ. ವಾಸಿ ಆದಷ್ಟೂ ದುಡ್ಡು ಕಮ್ಮಿ ಆಗೋ ವ್ಯವಸ್ಥೇಲಿ ವಾಸಿ ಆಗು ಅಂತ ಹೇಳೋದು ನಮ್ಮ ಕೆಲಸ. ಈಗ ನಾವು ಮೊದ್ಲೇ ಕೂರ್ಸಿ ಹೇಳ್ತೀವಿ, ಸ್ಟ್ರೋಕ್ ಆದ್ ಕೂಡ್ಲೇ ಪರ್ಮನೆಂಟ್ ಕಾರ್ಡ್ ಕೊಡಲ್ಲ, ಆರು ತಿಂಗ್ಳು ಹೋಗ್ಲಿ, ಅಷ್ಟೊತ್ತಿಗೆ ಎಷ್ಟು ಬರತ್ತೋ ಬರ್ಲಿ, ಸ್ಟ್ರೋಕಲ್ಲಿ ಮೊದಲ್ನೇ ಮೂರು ತಿಂಗ್ಳು ಹೋದ್ರೆ ಆ ಸ್ಪೀಡ್ ಮತ್ತೆ ಸಿಗಲ್ಲ.

ಕಾರ್ಡ್ ವಿಷಯದಲ್ಲೇ ಇನ್ನೊಂದು. ಆಧಾರ್ ಹೆಬ್ಬೆಟ್ಟು. ಬಲಗಡೆ ಸ್ಟ್ರೋಕ್ ಆಗಿ ಬೆರಳು ಮುಷ್ಟಿ ಕಟ್ಕೊಂಡಿರತ್ತೆ, ಬಿಡ್ಸಿ ಮಷೀನ್ ಮೇಲೆ ಇಟ್ರೆ ಮತ್ತೆ ಮಡಚ್ಕೊಳತ್ತೆ, ಕೌಂಟರ್ ಹುಡುಗ "ಗಟ್ಟಿಯಾಗಿ ಒತ್ತಿ ಅಜ್ಜ" ಅಂತಾನೆ, ಒತ್ತಿದಷ್ಟೂ ಬಿಗಿ ಆಗತ್ತೆ. ಮಣಿಕಟ್ಟನ್ನ ಮೊದ್ಲು ಒಳಗಡೆ ಬಗ್ಸಿ, ಬೆರಳು ತಾನೇ ಸಡಿಲ ಆಗತ್ತೆ, ಆಮೇಲೆ ಹೆಬ್ಬೆರಳ ಬುಡ ಹಿಡಿದು ಇಡಿ. ಇದನ್ನ ನಮ್ ಸೋಷಿಯಲ್ ವರ್ಕರ್ ಹುಡುಗಿಗೆ ಹೇಳ್ಕೊಟ್ಟೆ, ಅವ್ಳು ಈಗ ಆಯುಷ್ಮಾನ್ ಕೌಂಟರಲ್ಲಿ ಕೂರೋ ಆರೋಗ್ಯ ಮಿತ್ರಂಗೂ ಹೇಳ್ಕೊಟ್ಟಿದಾಳೆ. ಆಗ್ಲಿಲ್ಲ ಅಂದ್ರೆ ಓಟಿಪಿ, ಓಟಿಪಿ ಬರೋ ಫೋನು ಮೊಮ್ಮಗನ ಹತ್ರ, ಮೊಮ್ಮಗ ಬಿಡದಿ ಫ್ಯಾಕ್ಟರೀಲಿ ಶಿಫ್ಟಲ್ಲಿ.

ಬೇರೆ ಬದಲಾವಣೆಗಳು ಸುಮಾರಿವೆ, ಎಲ್ಲಾ ಹೇಳಲ್ಲ. 2021ರಲ್ಲಿ ಫಿಸಿಯೋ, ಓಟಿ ಎಲ್ಲರಿಗೂ ಸೇರಿ ಅಲೈಡ್ ಹೆಲ್ತ್ ಕಾಯ್ದೆ ಬಂತು, ರಿಜಿಸ್ಟರ್ ಕೌನ್ಸಿಲ್ ಅಂತೆಲ್ಲಾ, ನಮ್ಮ ಹುಡುಗ್ರು ಅದ್ರಲ್ಲಿ ಮುಖ್ಯವಾಗಿ ಗಮನಿಸಿದ್ದು ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕ್ಬೋದಾ ಇಲ್ವಾ ಅನ್ನೋದು, 2025ರಲ್ಲಿ ಅದ್ರ ಮೇಲೆ ದೊಡ್ಡ ರಾದ್ಧಾಂತಾನೇ ಆಯ್ತು. ಪೇಷಂಟ್ಸ್ ನನ್ನ ಮೇಡಂ ಅಂತಾರೆ, ಸಿಸ್ಟರ್ ಅಂತಾರೆ, ಒಬ್ಬ ತಾತ "ಮಾಸ್ತರಮ್ಮ" ಅಂತಾರೆ. ಸಾಕು. ಕೋವಿಡ್ ಟೈಮಲ್ಲಿ ವಿಡಿಯೋ ಕಾಲ್ ಶುರು ಮಾಡಿದ್ದು ಈಗ್ಲೂ ನಡೀತಿದೆ, ಊರಿನ ವಿಆರ್‌ಡಬ್ಲ್ಯೂ, ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪಂಚಾಯ್ತಿಲಿ ಗೌರವಧನಕ್ಕೆ ಕೆಲಸ ಮಾಡ್ತಾರಲ್ಲ, ಅವ್ರಲ್ಲಿ ಒಬ್ಬಿಬ್ರು ಒಳ್ಳೇವ್ರು ಸಿಕ್ರೆ ಪೇಷಂಟ್ ಮನೆಗೆ ಹೋಗಿ ಅವ್ರೇ ಫೋನ್ ಹಿಡ್ಕೊಂಡು ತೋರಿಸ್ತಾರೆ. ಮಾತು ಹೋದವ್ರನ್ನ ಮಾನಸಗಂಗೋತ್ರಿಯ ಆಯಿಷ್‌ಗೆ ಕಳಿಸ್ತೀವಿ, 1965ರಿಂದ ಇರೋ ಸಂಸ್ಥೆ, ಮಾತು ಮತ್ತು ಶ್ರವಣಕ್ಕೆ ಅಂತಾನೇ ಇರೋದು, ಮೈಸೂರಲ್ಲಿರೋದು ನಮ್ಮ ಪುಣ್ಯ.

ಸರಿ, ಇಷ್ಟು ಓದಿದ್ ಮೇಲೆ ಮನೇಲಿ ಯಾರಿಗಾದ್ರೂ ಇಂಥದ್ದು ಆದ್ರೆ ಏನ್ ಮಾಡ್ಬೇಕು ಅಂತ ಕೇಳೋರಿಗೆ. ಪ್ರೈವೇಟ್ ಇನ್ಶೂರೆನ್ಸ್ ಇದ್ರೆ ಕೋಡ್ 05 ನೋಡಿ ಕೈಬಿಡ್ಬೇಡಿ, ಅದೇ ಪಾಲಿಸೀಲಿ ಪೋಸ್ಟ್ ಹಾಸ್ಪಿಟಲೈಸೇಷನ್ ಅಂತ 60 ದಿನ ಅಥವಾ 90 ದಿನ ಇರತ್ತೆ, ಆಪರೇಷನ್ ಮಾಡಿದ ಡಾಕ್ಟ್ರು ಡಿಸ್ಚಾರ್ಜ್ ಸಮ್ಮರೀಲೇ ಫಿಸಿಯೋ ಬೇಕು, ವಾರಕ್ಕೆ ಇಷ್ಟು ಸಲ, ಇಷ್ಟು ವಾರ ಅಂತ ಬರ್ದಿದ್ರೆ ಬಹಳಷ್ಟು ಪಾಲಿಸೀಲಿ ಆ ಬಿಲ್ ಕ್ಲೇಮ್ ಮಾಡ್ಬೋದು. "ಅಡ್ವೈಸ್ಡ್ ಫಿಸಿಯೋ" ಅಂತ ಎರಡೇ ಪದ ಬರ್ದು ಕೊಟ್ರೆ ವಾಪಸ್ ಕೊಟ್ಟು ಬಿಡಿಸಿ ಬರೆಸ್ಕೊಳ್ಳಿ, ನಾಚ್ಕೋಬೇಡಿ. ಡಿಸ್ಚಾರ್ಜ್ ದಿನ ಆತುರದಲ್ಲಿ ಇದನ್ನ ಕೇಳಿದ್ರೆ ಆಗಲ್ಲ, ಹಿಂದಿನ ದಿನ ರೌಂಡ್ಸಲ್ಲೇ ಕೇಳಿ. ಆಯುಷ್ಮಾನ್ ಕಾರ್ಡಿನವ್ರು ಆಸ್ಪತ್ರೆಯಿಂದ ಹೊರಡೋ ಮುಂಚೆ ಆರೋಗ್ಯ ಮಿತ್ರನ ಹತ್ರ 15 ದಿನದ ಔಷಧಿ ಪೂರ್ತಿ ಕೊಟ್ಟಿದಾರಾ ಅಂತ ಕೇಳಿ ತಗೊಳ್ಳಿ. ಆ ಕೌಂಟರಿಗೆ ಬೆಳಿಗ್ಗೇನೇ ಹೋಗಿ, ಮಧ್ಯಾಹ್ನದ ಮೇಲೆ ಸರ್ವರ್ ನಿಧಾನ, ನೆಟ್‌ವರ್ಕ್ ಇಲ್ಲ ಅಂತ ನಾಳೆ ಬನ್ನಿ ಅಂತಾರೆ.